ಪಾರ್ಕಿನ್ಸನ್ ಇದ್ದವರ ಕೈಗೆ ವಿಆರ್ ವ್ಯಾಯಾಮ: ಮನೆಯಲ್ಲಿ ಮಾಡಿಸುವ ಸರಿಯಾದ ಕ್ರಮ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ಇತ್ತೀಚೆಗೆ ಒಂದೇ ಕಥೆ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗ, ಪಾರ್ಕಿನ್ಸನ್ ಕಾಯಿಲೆ ಇರುವ ಅಪ್ಪನ ಕೈ ಸುಧಾರಿಸಲಿ ಅಂತ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಆಟದ ಲೋಕ ಕಾಣಿಸುವ ಯಂತ್ರ, ಕಳಿಸಿರುತ್ತಾನೆ. ಎರಡು ದಿನ ಆಡಿಸಿರುತ್ತಾರೆ. ಮೂರನೇ ದಿನ ತಲೆ ತಿರುಗಿ, ಹೊಟ್ಟೆ ತೊಳಸಿ, ಅಪ್ಪ ಬೇಡವೇ ಬೇಡ ಅಂದಿರುತ್ತಾರೆ. ಆಮೇಲೆ ಅದು ಕಪಾಟು ಸೇರುತ್ತದೆ.

ಇಂಥ ಮನೆಗಳಲ್ಲೆಲ್ಲ ನಾನು ಕಂಡಿದ್ದು ಒಂದೇ ತಪ್ಪು. ಹೆಡ್‌ಸೆಟ್ ಹಾಕುವುದು ಐದನೇ ಕೆಲಸ. ಇವರು ಅದನ್ನೇ ಮೊದಲು ಮಾಡಿರುತ್ತಾರೆ. ಹಾಗಾಗಿ ಮಾಡಿಸುವವರಿಗಾಗಿ, ಅಂದರೆ ಮಗಳು, ಸೊಸೆ, ಮಗ, ಹೆಂಡತಿ ಇವರಿಗಾಗಿ, ಎಲ್ಲವನ್ನೂ ಕ್ರಮವಾಗಿ ಬರೆದಿದ್ದೇನೆ.

ಮೊದಲೇ ಒಂದು ಮಾತು. "ಇದರಿಂದ ನಡುಕ ನಿಲ್ತದೇನ್ರಿ?" ಅಂತ ಎಲ್ಲರೂ ಕೇಳುತ್ತಾರೆ. ನಿಲ್ಲುವುದಿಲ್ಲ. ಪಾರ್ಕಿನ್ಸನ್ ನಡುಕ ಹೆಚ್ಚಾಗಿ ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ಬರುತ್ತದೆ, ಕೆಲಸಕ್ಕೆ ಚಾಚಿದಾಗ ಕಡಿಮೆಯಾಗುತ್ತದೆ. ಈ ವ್ಯಾಯಾಮ ಮಾಡುವುದು ಕೈ ನಿಧಾನವಾಗಿರುವುದಕ್ಕೆ, ಚಲನೆ ಸಣ್ಣದಾಗಿರುವುದಕ್ಕೆ. ಅಂಗಿ ಗುಂಡಿ ಹಾಕಲು ಆಗದಿರುವುದು, ಅಕ್ಷರ ಸಣ್ಣದಾಗುತ್ತಾ ಹೋಗುವುದು ಇದರಿಂದಲೇ.

ಬೇಕಾಗುವ ಸಾಮಾನು

ಕಂಪ್ಯೂಟರಿನ ತಂತಿ ಬೇಡದ, ಕೈಯನ್ನು ತಾನೇ ಗುರುತಿಸುವ ಹೆಡ್‌ಸೆಟ್ ಸಾಕು. ಮೆಟಾ ಕ್ವೆಸ್ಟ್ 2 ಅಥವಾ 3 ಇಂಥವೇ. ಇದರ ಜೊತೆ ಕೈಗಳಿರುವ ಗಟ್ಟಿ ಮರದ ಕುರ್ಚಿ, ಒಂದು ಟವೆಲ್, ಎರಡು ಬಟ್ಟಲು, 60 ಹುಣಸೆ ಬೀಜ, ಗೆರೆ ಇಲ್ಲದ ನೋಟ್‌ಬುಕ್, ಸೆಕೆಂಡ್ ತೋರಿಸುವ ಮೊಬೈಲ್. ಮನೆಯಲ್ಲಿ ಬಿಪಿ ನೋಡುವ ಯಂತ್ರ ಇದ್ದರೆ ಬಹಳ ಒಳ್ಳೆಯದು.

1. ಮೊದಲು ವೈದ್ಯರನ್ನು ಕೇಳಿ

ಇದು ಬರೀ ಆಟ ಅಲ್ವಾ, ಕೇಳುವುದೇನು ಎನ್ನಬೇಡಿ. ಕೆಲವರಿಗೆ ಹೆಡ್‌ಸೆಟ್ ನಿಜಕ್ಕೂ ಅಪಾಯ.

ಇಲ್ಲದ ಮನುಷ್ಯರು, ಹುಳ, ಪ್ರಾಣಿ ಕಾಣಿಸುತ್ತವೆ ಎನ್ನುವವರಿಗೆ ಹಾಕಲೇಬೇಡಿ. ಪಾರ್ಕಿನ್ಸನ್‌ನಲ್ಲಿ ಇಂಥ ಭ್ರಮೆ ಕಾಯಿಲೆಯಿಂದಲೂ ಬರುತ್ತದೆ, ಔಷಧದಿಂದಲೂ ಬರುತ್ತದೆ. ಹಿರಿಯರು ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ, ನೀವಾಗಿಯೇ ಮೆಲ್ಲಗೆ ಕೇಳಬೇಕು. ಹಿಂದೆ ಫಿಟ್ಸ್ ಬಂದವರಿಗೂ ಬೇಡ. ಮಿದುಳಿಗೆ ಡಿಬಿಎಸ್ ಯಂತ್ರ (ಮಿದುಳಿನ ಆಳಕ್ಕೆ ಸಣ್ಣ ವಿದ್ಯುತ್ ಕೊಡುವ ಯಂತ್ರ) ಹಾಕಿಸಿಕೊಂಡವರು ಅಥವಾ ಎದೆಯಲ್ಲಿ ಪೇಸ್‌ಮೇಕರ್ ಇರುವವರು, ಅದನ್ನು ಹಾಕಿದ ವೈದ್ಯರ ಒಪ್ಪಿಗೆ ಇಲ್ಲದೆ ಶುರು ಮಾಡಬಾರದು. ಹೆಡ್‌ಸೆಟ್ ಮತ್ತು ಅದರ ಜೊತೆ ಕೈಯಲ್ಲಿ ಹಿಡಿದು ಆಡುವ ಹಿಡಿಕೆಗಳಲ್ಲಿ (ಕಂಟ್ರೋಲರ್) ಅಯಸ್ಕಾಂತ ಇರಬಹುದು.

ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ ಎನ್ನುವವರ ಬಿಪಿಯನ್ನು ಕೂತಾಗ ಒಮ್ಮೆ, ನಿಂತ ಮೇಲೆ ಒಮ್ಮೆ ನೋಡಿ ಬರೆದಿಡಿ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಮೊದಲು ವೈದ್ಯರಿಗೆ ತೋರಿಸಿ. ಭುಜ ಹಿಡಿದುಕೊಂಡಿದೆಯಾ ಎಂಬುದನ್ನೂ ನೋಡಿ. ಪಾರ್ಕಿನ್ಸನ್ ಜೊತೆ ಭುಜದ ಬಿಗಿತ ಸಾಮಾನ್ಯ. ಅದಕ್ಕೆ ಉಪಚಾರ ಮಾಡದೆ ಕೈ ಮೇಲೆತ್ತಿಸಿದರೆ ನೋವಷ್ಟೇ ಉಳಿಯುತ್ತದೆ.

ನಮ್ಮ ಭಾಗದವರಿಗೆ ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಮೊದಲಿನ ಕಿಮ್ಸ್), ಧಾರವಾಡದ ಡಿಮ್ಹಾನ್ಸ್, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗಳು ಇವೆ. ಗದಗ ಮತ್ತು ಹಾವೇರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ನಿಮ್ಮ ಗುಳಿಗೆ ಬರೆದುಕೊಡುವ ವೈದ್ಯರನ್ನೇ ಕೇಳುವುದು ಎಲ್ಲಕ್ಕಿಂತ ಒಳ್ಳೆಯದು.

2. ಗುಳಿಗೆಯ ಹೊತ್ತು ಕಂಡುಹಿಡಿಯಿರಿ

ಜಾಸ್ತಿ ಜನ ಸೋಲುವುದು ಇಲ್ಲೇ. ಅಪ್ಪ ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಗುಳಿಗೆ ತೆಗೆದುಕೊಳ್ಳುತ್ತಾರೆ ಅಂದುಕೊಳ್ಳಿ. ನುಂಗಿದ ಸ್ವಲ್ಪ ಹೊತ್ತಿಗೆ ಕೈ ಹಗುರಾಗುತ್ತದೆ, ಕೆಲವು ತಾಸು ಹಾಗೇ ಇರುತ್ತದೆ, ಮುಂದಿನ ಗುಳಿಗೆಯ ಹೊತ್ತಿಗೆ ಮತ್ತೆ ಬಿಗಿಯುತ್ತದೆ. ವೈದ್ಯರು ಇದನ್ನು ಆನ್, ಆಫ್ ಎನ್ನುತ್ತಾರೆ. ಆಫ್ ಹೊತ್ತಿನಲ್ಲಿ ವ್ಯಾಯಾಮ ಮಾಡಿಸಿದರೆ ಕೈ ಏಳುವುದಿಲ್ಲ, ಮನಸ್ಸೂ ಕುಗ್ಗುತ್ತದೆ. ಮಗ ಆಫೀಸಿನಿಂದ ಬಂದ ಮೇಲೆ ರಾತ್ರಿ 8ಕ್ಕೆ ಆಡಿಸುವ ಮನೆಗಳಲ್ಲಿ ಹೀಗೇ ಆಗುತ್ತದೆ. ಆ ಹೊತ್ತು ಮಗನಿಗೆ ಅನುಕೂಲ, ಅಪ್ಪನ ಕೈಗೆ ಅಲ್ಲ.

ಮೂರು ದಿನ ಸುಮ್ನೆ ಬರೆಯಿರಿ. ಗುಳಿಗೆ ಎಷ್ಟು ಗಂಟೆಗೆ, ಊಟ ಎಷ್ಟು ಗಂಟೆಗೆ, ಕೈ ಯಾವಾಗ ಹಗುರಾಯಿತು, ಯಾವಾಗ ಮತ್ತೆ ಬಿಗಿಯಿತು. ಬಹಳ ಜನರಲ್ಲಿ ಗುಳಿಗೆಯ ನಂತರ ಅರ್ಧ ತಾಸಿನಿಂದ ಒಂದು ತಾಸಿನೊಳಗೆ ಕೈ ಸಡಿಲಾಗುತ್ತದೆ. ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು, ಅದಕ್ಕೇ ಬರೆಯಲು ಹೇಳುವುದು. ವ್ಯಾಯಾಮದ ಹೊತ್ತನ್ನು ಆ ಹಗುರಾದ ಸಮಯದ ನಡುವೆ ಇಡಿ.

ಗುಳಿಗೆ ನುಂಗಿದರೂ ಕೈ ಹಗುರಾಗಲೇ ಇಲ್ಲ ಅಂದರೆ ಊಟದ ಕಡೆ ನೋಡಿ. ಬೇಳೆ, ಮೊಸರು, ಹಾಲಿನಂಥ ಪ್ರೋಟೀನ್ ಇರುವ ಆಹಾರದ ಜೊತೆ ನುಂಗಿದರೆ ಕೆಲವರಲ್ಲಿ ಲೆವೊಡೋಪಾ ಸರಿಯಾಗಿ ಮೈಗೆ ಹತ್ತುವುದಿಲ್ಲ. ಊಟಕ್ಕೆ ಅರ್ಧ ತಾಸು ಮೊದಲು ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ವ್ಯಾಯಾಮಕ್ಕಾಗಿ ಅಂತ ನೀವೇ ಗುಳಿಗೆ ಹೆಚ್ಚು ಕಡಿಮೆ ಮಾಡಬೇಡಿ.

3. ಶುರುವಿಗೆ ಮುಂಚೆ ಕೈಯನ್ನು ಅಳೆಯಿರಿ

ಆಟದ ಸ್ಕೋರ್ ನಂಬಬೇಡಿ. ನಾಲ್ಕು ದಿನ ಆಡಿದರೆ ಯಾರಿಗಾದರೂ ಸ್ಕೋರ್ ಏರುತ್ತದೆ, ಅದು ಆಟ ರೂಢಿಯಾಗಿದ್ದಕ್ಕೆ. ಕೈ ಸುಧಾರಿಸಿದೆಯೋ ಇಲ್ಲವೋ ಎಂಬುದು ಹೆಡ್‌ಸೆಟ್‌ನ ಹೊರಗೆ ಗೊತ್ತಾಗಬೇಕು.

ಆಸ್ಪತ್ರೆಯಲ್ಲಿ ನಾವು ಮಾಡುವ ಒಂದು ಪರೀಕ್ಷೆಯಲ್ಲಿ 2.5 ಸೆಂಟಿಮೀಟರಿನ ಮರದ ತುಂಡುಗಳನ್ನು ಒಂದೊಂದಾಗಿ ಹಲಗೆ ದಾಟಿಸಿ ಇನ್ನೊಂದು ಡಬ್ಬಿಗೆ ಹಾಕಿಸುತ್ತೇವೆ. 60 ಸೆಕೆಂಡಿನಲ್ಲಿ ಎಷ್ಟು ಎಂಬುದೇ ಲೆಕ್ಕ. ಮನೆಯಲ್ಲಿ ಅದೇ ಲೆಕ್ಕಕ್ಕೆ ಚೌಕಾಬಾರದ ಹುಣಸೆ ಬೀಜ ಬಳಸಿ. ಬೀಜ ಸಣ್ಣದು, ಜಾರುತ್ತದೆ, ಬೆರಳಿನ ಕಷ್ಟ ಎದ್ದು ಕಾಣುತ್ತದೆ. ಒಂದು ನಿಮಿಷ ಬಲಗೈ, ಒಂದು ನಿಮಿಷ ಎಡಗೈ. ದಾಟಿಸಿದ್ದೆಷ್ಟು, ಬೀಳಿಸಿದ್ದೆಷ್ಟು, ಎರಡನ್ನೂ ಬರೆಯಿರಿ.

ಆಮೇಲೆ ಅಂಗಿಯ ಐದು ಗುಂಡಿ ಹಾಕಲು ಎಷ್ಟು ಸೆಕೆಂಡ್ ಬೇಕಾಯಿತು ನೋಡಿ. ಕೊನೆಗೆ ಗೆರೆ ಇಲ್ಲದ ಹಾಳೆಯಲ್ಲಿ ಒಂದೇ ವಾಕ್ಯ ನಾಲ್ಕು ಸಲ ಬರೆಸಿ, ಕೆಳಗೆ ಸಹಿ ಮಾಡಿಸಿ. ಪಾರ್ಕಿನ್ಸನ್ ಕೈ ಮೊದಲ ಸಾಲನ್ನು ಸರಿಯಾಗಿ ಬರೆದು ನಾಲ್ಕನೇ ಸಾಲಿಗೆ ಇರುವೆ ಸಾಲಿನಂತೆ ಸಣ್ಣದಾಗುತ್ತದೆ. ಪಿಂಚಣಿಯ ಚೆಕ್ ಸಹಿ ಹೊಂದುವುದಿಲ್ಲ ಅಂತ ಬ್ಯಾಂಕಿನಿಂದ ವಾಪಸ್ ಬಂದವರನ್ನು ನಾನು ಕಂಡಿದ್ದೇನೆ. ಅವರ ಮುಖದಲ್ಲಿನ ಅವಮಾನ ನೋಡಲಾಗುವುದಿಲ್ಲ. ಆ ಸಹಿಯ ಹಾಳೆಗೆ ತಾರೀಖು ಹಾಕಿ ಜೋಪಾನ ಮಾಡಿ.

4. ಜಾಗ ಮತ್ತು ಕುರ್ಚಿ

ಮನೆಯಲ್ಲಿ ಮಾಡಿಸುವುದಾದರೆ ಕೂತೇ ಮಾಡಿಸಿ. ನಿಲ್ಲಿಸಬೇಡಿ, "ನನಗೇನಾಗಿದೆ, ನಿಲ್ಲುತ್ತೇನೆ" ಎಂದರೂ ಬೇಡ. ಹೆಡ್‌ಸೆಟ್ ಕಣ್ಣು ಮುಚ್ಚಿದ ಮೇಲೆ ನೆಲ ಎಲ್ಲಿದೆ ಎಂಬ ಅಂದಾಜು ಹೋಗುತ್ತದೆ. ಪಾರ್ಕಿನ್ಸನ್ ಇದ್ದವರಿಗೆ ಸಮತೋಲನ ಮೊದಲೇ ಕಷ್ಟ.

ನುಣುಪು ಟೈಲ್ಸ್ ಮೇಲೆ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಚಕ್ರದ ಕುರ್ಚಿಯಂತೂ ಬೇಡವೇ ಬೇಡ. ನಾಲ್ಕು ಕಾಲಿನ ಮರದ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಿ. ಪಾದ ಎರಡೂ ಪೂರ್ತಿ ನೆಲ ಮುಟ್ಟಬೇಕು. ಕೈ ಚಾಚಿದಷ್ಟು ದೂರ, ಎರಡೂ ಬದಿಗೆ ಮತ್ತು ಮುಂದೆ, ಏನೂ ಇರಬಾರದು. ಟೀಪಾಯಿ, ತೂಗುಮಂಚದ ಸರಪಳಿ, ಓಡಾಡುವ ಮೊಮ್ಮಕ್ಕಳು, ಎಲ್ಲ ದೂರ. ಹೆಡ್‌ಸೆಟ್ ಆಡುವ ಜಾಗದ ಗಡಿ ಕೇಳಿದಾಗ ಕೂತಲ್ಲೇ ಆಡುವ ಆಯ್ಕೆಯನ್ನು ಒತ್ತಿ.

ಕೋಣೆಯಲ್ಲಿ ಬೆಳಕು ಇರಲಿ. ಹೆಡ್‌ಸೆಟ್‌ನ ಹೊರಗಿರುವ ಕ್ಯಾಮೆರಾಗಳು ಕೈಯನ್ನು ನೋಡಬೇಕು, ಮಬ್ಬಿನಲ್ಲಿ ಅವಕ್ಕೆ ಕಾಣುವುದಿಲ್ಲ. ಕರೆಂಟ್ ಹೋದರೆ ಆಟದೊಳಗಿನ ಕೈಗಳು ಥಟ್ಟನೆ ಮಾಯವಾಗಿ ಹಿರಿಯರು ಗಾಬರಿಯಾಗುತ್ತಾರೆ. ಇನ್ವರ್ಟರ್ ದೀಪ ಇರುವ ಕೋಣೆಯೇ ಒಳ್ಳೆಯದು. ಹಾಗಂತ ಹೆಡ್‌ಸೆಟ್ ಅನ್ನು ಬಿಸಿಲಿಗೆ ಇಡಬೇಡಿ. ಒಳಗಿನ ಗಾಜಿನ ಮೇಲೆ ನೇರ ಬಿಸಿಲು ಬಿದ್ದರೆ ಅದು ಭೂತಗನ್ನಡಿಯಂತೆ ಒಳಗಿನ ಪರದೆಯನ್ನು ಸುಡುತ್ತದೆ. ಅದು ಮತ್ತೆ ಸರಿಯಾಗುವುದಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಇಡುವ ಅಭ್ಯಾಸ ಬಿಡಿ.

5. ಹೆಡ್‌ಸೆಟ್ ತೊಡಿಸುವುದು

ಮೊದಲು ನೀವು ಹಾಕಿಕೊಳ್ಳಿ. ಮೆನು ತೆರೆಯುವುದು, ಆಟ ಆರಿಸುವುದು, ಎಲ್ಲ ನಿಮ್ಮ ಕೆಲಸ. ಆಟ ತೆರೆದ ಮೇಲೆ ತೆಗೆಯುವಾಗ ಒಳಗೆ ಎರಡು ಗಾಜುಗಳ ನಡುವಿನ ಸಣ್ಣ ಸೆನ್ಸಾರ್ ಮೇಲೆ ಹೆಬ್ಬೆರಳು ಇಟ್ಟುಕೊಳ್ಳಿ. ಇಲ್ಲದಿದ್ದರೆ ಅದು ನಿದ್ದೆಗೆ ಹೋಗುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಒಳಗೆ ಕಾಣುವುದನ್ನು ನಿಮ್ಮ ಮೊಬೈಲಿನಲ್ಲೂ ಕಾಣುವಂತೆ ಮಾಡಿಕೊಳ್ಳಿ. ಇದಿಲ್ಲದೆ ಮಾಡಿಸಿದರೆ ಅವರು ಒಳಗೆ ಏನು ನೋಡುತ್ತಿದ್ದಾರೆಂದು ನಿಮಗೆ ತಿಳಿಯುವುದೇ ಇಲ್ಲ.

ಈ ಹೆಡ್‌ಸೆಟ್‌ಗಳು ಸುಮಾರು ಅರ್ಧ ಕಿಲೋ ತೂಗುತ್ತವೆ. ಕ್ವೆಸ್ಟ್ 3ರ ತೂಕ 515 ಗ್ರಾಂ. ಪಾರ್ಕಿನ್ಸನ್‌ನಲ್ಲಿ ಕುತ್ತಿಗೆ ಮೊದಲೇ ಮುಂದೆ ಬಾಗಿರುತ್ತದೆ, ಭಾರವೆಲ್ಲ ಮುಖದ ಮೇಲೆ ಬಿದ್ದರೆ ಐದು ನಿಮಿಷಕ್ಕೆ ಕುತ್ತಿಗೆ ನೋಯುತ್ತದೆ. ಹಿಂದಿನ ಪಟ್ಟಿ ತಲೆಯ ಹಿಂಭಾಗದ ಉಬ್ಬಿನ ಕೆಳಗೆ ಕೂರಬೇಕು, ನೆತ್ತಿಯ ಪಟ್ಟಿ ಭಾರ ಹೊರಬೇಕು. ತುರುಬು ಕಟ್ಟುವ ಅವ್ವಂದಿರಿಗೆ ಇಲ್ಲೇ ತೊಂದರೆ. ಪಟ್ಟಿ ತುರುಬಿನ ಮೇಲೆ ಕೂತು ಮೇಲಕ್ಕೆ ಜಾರುತ್ತದೆ, ಮುಂದಿನ ಭಾಗ ಮೂಗಿಗೆ ಇಳಿಯುತ್ತದೆ, ಎಲ್ಲ ಮಸುಕು ಕಾಣುತ್ತದೆ. ಮಸುಕು ಕಂಡರೆ ತಲೆ ತಿರುಗುತ್ತದೆ. ತುರುಬು ಬಿಚ್ಚಿ ಸಡಿಲ ಜಡೆ ಹಾಕಿ, ಮುಂದೆ ಭುಜದ ಮೇಲೆ ಬಿಡಿ. ಹಣೆಯ ಕುಂಕುಮ, ವಿಭೂತಿಯನ್ನು ಒರೆಸಿ ಅನ್ನಬೇಡಿ, ಹಿರಿಯರಿಗೆ ಬೇಸರವಾಗುತ್ತದೆ. ಹಣೆಯ ಮೇಲೆ ತೆಳ್ಳನೆ ಹತ್ತಿ ಬಟ್ಟೆ ಇಟ್ಟು ಹೆಡ್‌ಸೆಟ್ ಕೂರಿಸಿದರೆ ಸ್ಪಂಜೂ ಉಳಿಯುತ್ತದೆ, ಕುಂಕುಮವೂ ಉಳಿಯುತ್ತದೆ.

ಕನ್ನಡಕ ಇದ್ದರೆ ಅದರ ಗಾಜು ಹೆಡ್‌ಸೆಟ್‌ನ ಗಾಜಿಗೆ ತಾಗದಂತೆ ನೋಡಿಕೊಳ್ಳಿ. ಗಾಜುಗಳ ನಡುವಿನ ಅಂತರವನ್ನು ಹೊಂದಿಸುತ್ತಾ, ಒಳಗಿನ ಅಕ್ಷರ ಚೂಪಾಗಿ ಕಾಣುತ್ತದೆಯಾ ಎಂದು ಕೇಳಿ. ಅದು ಸರಿಯಾಗದೆ ಮುಂದೆ ಹೋಗಬೇಡಿ.

ಹಿಡಿಕೆ ಬೇಕಾ, ಬರಿಗೈಯೇ ಸಾಕಾ? ನಾನು ಬರಿಗೈಯಿಂದ ಶುರು ಮಾಡಿಸುತ್ತೇನೆ, ಆದರೆ ಮುಟ್ಟಿದರೆ ಸಾಕು ಎನ್ನುವ ಆಟಗಳಲ್ಲಿ ಮಾತ್ರ. ಹೆಬ್ಬೆರಳು ಮತ್ತು ತೋರುಬೆರಳನ್ನು ಚಿವುಟಿದಂತೆ ಸೇರಿಸಬೇಕಾದ ಆಟಗಳು ಮೊದಲಿಗೆ ಬೇಡ. ಪಾರ್ಕಿನ್ಸನ್ ಬೆರಳಿನ ಸಣ್ಣ, ನಿಧಾನದ ಚಿವುಟು ಯಂತ್ರಕ್ಕೆ ತಿಳಿಯುವುದಿಲ್ಲ. ಹತ್ತು ಸಲ ಮಾಡಿ ಹತ್ತೂ ಸಲ ಸೋತರೆ ಯಾರಿಗೆ ತಾನೇ ಮನಸ್ಸು ಬರುತ್ತದೆ? ಹಿಡಿಕೆ ಬಳಸುವುದಾದರೆ ಅದರ ದಾರವನ್ನು ಮಣಿಕಟ್ಟಿಗೆ ಬಿಗಿಯಿರಿ.

6. ಮೊದಲ ದಿನ ಐದೇ ನಿಮಿಷ

ಊಟವಾದ ತಕ್ಷಣ ಬೇಡ. ರೋಲರ್ ಕೋಸ್ಟರ್, ಕಾರು ಓಡಿಸುವುದು, ಹಾರುವುದು, ಇಂಥವು ಎಂದಿಗೂ ಬೇಡ. ಕಣ್ಣು ಓಡುತ್ತಿದ್ದೇನೆ ಎನ್ನುತ್ತದೆ, ಒಳಗಿವಿ ಕೂತಿದ್ದೇನೆ ಎನ್ನುತ್ತದೆ. ಆ ಜಗಳಕ್ಕೇ ಹೊಟ್ಟೆ ತೊಳಸುವುದು. ಸುತ್ತಲಿನ ಕೋಣೆ ಅಲುಗದೆ ನಿಂತಿರಬೇಕು, ಚೆಂಡೋ ಬಲೂನೋ ಅವರ ಕೈಯ ಹತ್ತಿರ ಬರಬೇಕು. ಅಂಥ ಆಟ ಆರಿಸಿ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಪಾರ್ಕಿನ್ಸನ್‌ನಲ್ಲಿ ಮುಖದ ಭಾವನೆ ಕಡಿಮೆಯಾಗುತ್ತದೆ, ದನಿ ಕುಗ್ಗುತ್ತದೆ. ಮೇಲೆ ಅರ್ಧ ಮುಖವನ್ನು ಹೆಡ್‌ಸೆಟ್ ಮುಚ್ಚಿರುತ್ತದೆ. ಸಂಕಟವಾಗುತ್ತಿದ್ದರೂ ನಿಮಗೆ ಕಾಣುವುದಿಲ್ಲ. ಅದಕ್ಕೇ ನಿಮಿಷಕ್ಕೊಮ್ಮೆ ಕೇಳಿ. "ಮಾವಾರ, ತಲಿ ತಿರಗಾಕತ್ತದೇನ್ರಿ? ಹತ್ತರಾಗ ಎಷ್ಟು?" ಅವರು ಮೂರು ಎಂದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಆಕಳಿಕೆ, ಬೆವರು, ಬಾಯಲ್ಲಿ ನೀರೂರುವುದು, ಇದ್ದಕ್ಕಿದ್ದಂತೆ ಮಾತು ನಿಲ್ಲುವುದು, ಇವೂ ಸೂಚನೆಗಳೇ. "ಇನ್ನೊಂದು ಆಟ" ಎಂದು ಒತ್ತಾಯ ಮಾಡಬೇಡಿ. ಒಮ್ಮೆ ವಾಂತಿಯಾದರೆ ಹೆಡ್‌ಸೆಟ್ ಕಂಡರೇ ಭಯ ಕೂತುಬಿಡುತ್ತದೆ.

ಮೊದಲ ವಾರ ಐದರಿಂದ ಹತ್ತು ನಿಮಿಷ. ಆಮೇಲೆ ಐದೈದು ನಿಮಿಷದ ಮೂರು ಸುತ್ತು, ನಡುವೆ ಹೆಡ್‌ಸೆಟ್ ತೆಗೆದು ವಿಶ್ರಾಂತಿ. ವಾರಕ್ಕೆ ನಾಲ್ಕು ದಿನ, ಆರು ವಾರ. ನಾನು ಸಾಮಾನ್ಯವಾಗಿ ಹೇಳುವ ಲೆಕ್ಕ ಇದು. ನಿಮ್ಮ ಫಿಸಿಯೋಥೆರಪಿಸ್ಟ್ ಬೇರೆ ಹೇಳಿದರೆ ಅವರ ಮಾತೇ ಕೇಳಿ, ಅವರು ಆ ಕೈಯನ್ನು ನೋಡಿದ್ದಾರೆ.

7. ಮೊದಲು ದೊಡ್ಡ ಚಲನೆ, ವೇಗ ಆಮೇಲೆ

ಪಾರ್ಕಿನ್ಸನ್‌ನಲ್ಲಿ ಕೈಯ ಸ್ನಾಯುಗಳಿಗೆ ಶಕ್ತಿ ಇರುತ್ತದೆ. ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗಿ, ಎಷ್ಟು ದೊಡ್ಡದಾಗಿ ಚಾಚಬೇಕು ಎಂಬ ಅಂದಾಜು ತಪ್ಪಿರುತ್ತದೆ. ಅವರಿಗೆ ತಾವು ಪೂರ್ತಿ ಚಾಚಿದ್ದೇವೆ ಅಂತಲೇ ಅನಿಸುತ್ತದೆ. ಕಣ್ಣ ಮುಂದೆ ಒಂದು ಗುರಿ ಇಟ್ಟು "ಅದನ್ನು ಮುಟ್ಟಿ" ಎಂದರೆ ಕೈ ಅಲ್ಲಿಗೆ ಹೋಗುತ್ತದೆ. ವಿಆರ್ ಕೆಲಸಕ್ಕೆ ಬರುವುದು ಇಲ್ಲೇ. ಗುರಿಯನ್ನು ದಿನಕ್ಕೊಂದು ಬೆರಳಿನಷ್ಟು ದೂರ ಸರಿಸಬಹುದು.

ವೇಗದ ಆಟದಿಂದ ಶುರು ಮಾಡಿದರೆ ಇದೆಲ್ಲ ಹಾಳು. ಬೇಗ ಬೇಗ ಮಾಡಿದಷ್ಟೂ ಪಾರ್ಕಿನ್ಸನ್ ಕೈ ಸಣ್ಣ ಸಣ್ಣ ಚಲನೆಗೆ ಇಳಿಯುತ್ತದೆ, ನೀವು ಸಣ್ಣ ಚಲನೆಯನ್ನೇ ಅಭ್ಯಾಸ ಮಾಡಿಸಿದಂತಾಗುತ್ತದೆ. ಮೊದಲು ಒಂದು ಕೈಯಿಂದ ಮುಂದೆ, ಬದಿಗೆ, ಮೇಲೆ ಚಾಚುವುದು. ಕಷ್ಟವಿರುವ ಕೈಗೆ ಮೊದಲ ಸರದಿ, ದಣಿವು ಇಲ್ಲದಾಗ. ನಂತರ ಬಲಗೈಯನ್ನು ಎಡಕ್ಕೆ, ಎಡಗೈಯನ್ನು ಬಲಕ್ಕೆ ದಾಟಿಸುವುದು. ಆಮೇಲೆ ಎರಡೂ ಕೈ ಜೊತೆಗೆ. ಮೂರನೇ ವಾರದ ಹೊತ್ತಿಗೆ ಹಿಡಿದು ಬಿಡುವುದು. ಬಿಡುವಾಗ ಐದೂ ಬೆರಳು ಪೂರ್ತಿ ಅರಳಬೇಕು. ತಾಳಕ್ಕೆ ಸರಿಯಾಗಿ ಹೊಡೆಯುವುದು, ಲೆಕ್ಕ ಹೇಳುತ್ತಾ ಆಡುವುದು ಕೊನೆಗೆ.

ನೀವು ಹೇಳಬೇಕಾದ್ದು ಒಂದೇ ಮಾತು: "ಸಣ್ಣದಾತ್ರಿ ಅವ್ವಾರ, ಇನ್ನೊಂಚೂರು ದೊಡ್ಡದ ಮಾಡ್ರಿ." ಮೊಣಕೈ ಹೀಗೆ, ಭುಜ ಹಾಗೆ ಎಂದು ಐದು ಸೂಚನೆ ಕೊಟ್ಟರೆ ಎಲ್ಲ ಕಲಸಿಹೋಗುತ್ತದೆ.

ಒಂದು ಮೋಸ ಬಹಳ ಸಲ ನಡೆಯುತ್ತದೆ, ಅವರಿಗೇ ಗೊತ್ತಿಲ್ಲದೆ. ಕೈ ಚಾಚುವ ಬದಲು ಇಡೀ ಮೈಯನ್ನೇ ಮುಂದೆ ಬಾಗಿಸಿ ಚೆಂಡು ಮುಟ್ಟುತ್ತಾರೆ. ಸ್ಕೋರ್ ಬರುತ್ತದೆ, ಮೊಣಕೈ ಮಡಿಸಿದಲ್ಲೇ ಇರುತ್ತದೆ. ಬೆನ್ನು ಮತ್ತು ಕುರ್ಚಿಯ ನಡುವೆ ಮಡಿಸಿದ ಟವೆಲ್ ಇಡಿ. ಟವೆಲ್ ಕೆಳಗೆ ಜಾರಿದರೆ ಬಾಗಿದ್ದಾರೆ ಅಂತ ಅರ್ಥ. ಆಗ ಗುರಿಯನ್ನು ಸ್ವಲ್ಪ ಹತ್ತಿರ ತನ್ನಿ.

8. ಹೆಡ್‌ಸೆಟ್ ತೆಗೆದ ಮೇಲೆ ನಿಜವಾದ ಕೆಲಸ

ತೆಗೆದ ಕೂಡಲೇ ಎಬ್ಬಿಸಬೇಡಿ. ಐದು ನಿಮಿಷ ಕೂತು, ನೀರು ಕುಡಿದು, ಕೋಣೆಯನ್ನು ಸುಮ್ನೆ ನೋಡಲಿ.

ನಂತರದ ಹತ್ತು ನಿಮಿಷವನ್ನು ಬಿಟ್ಟರೆ ಮುಂಚಿನದೆಲ್ಲ ಮಾಡಿಯೂ ಅರ್ಧ ಮಾಡಿದಂತೆ. ಒಳಗೆ ಚಾಚಿದ ಕೈ ಹೊರಗೆ ತಾನಾಗಿಯೇ ಚಾಚುವುದಿಲ್ಲ. ಕೈ ಹಗುರಾಗಿರುವಾಗಲೇ ಅದೇ ಚಲನೆಯನ್ನು ಮನೆಯ ಕೆಲಸಕ್ಕೆ ತರಬೇಕು. ತಂಬಿಗೆಯಿಂದ ಲೋಟಕ್ಕೆ ನೀರು, ಅಂಗಿಯ ಗುಂಡಿ, ಮೇಲಿನ ಗೂಡಿನಿಂದ ಡಬ್ಬಿ ತೆಗೆಯುವುದು, ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದ ಎರಡು ಸಾಲು. ಅವರಿಗೆ ಬೇಕಾದ ಕೆಲಸವನ್ನು ಅವರೇ ಆರಿಸಲಿ.

ಧಾರವಾಡದ ಒಬ್ಬ ಅವ್ವ ಆರಿಸಿದ್ದು ಜೋಳದ ರೊಟ್ಟಿ. ಹಂಚು ಬೇಡ, ಒಲೆ ಬೇಡ, ಬರೀ ಹಿಟ್ಟು ಮತ್ತು ಮಣೆ ಎಂದು ಒಪ್ಪಿಸಿದೆ. ಮೊದಲ ಹತ್ತು ಬಡಿತ ಚೆಂದ ಬಿದ್ದವು, ಅಂಗೈ ಪೂರ್ತಿ ಅರಳಿತ್ತು. ಆಮೇಲೆ ಸದ್ದು ಸಣ್ಣದಾಯಿತು. ಬೆರಳು ಮಡಿಸಿಕೊಂಡವು, ಕೈ ಮೇಲೇಳುವುದು ಕಡಿಮೆಯಾಯಿತು, ರೊಟ್ಟಿ ತಿರುಗುವುದು ನಿಂತಿತು. ಬಲಗಡೆಯ ಅಂಚು ದಪ್ಪ ಉಳಿಯಿತು. ಅವರು ಆ ದಪ್ಪ ಅಂಚನ್ನು ಬೆರಳಿನಿಂದ ಒತ್ತಿ ನೋಡಿ, ಏನೂ ಹೇಳಲಿಲ್ಲ. ಆ ದಿನದಿಂದ ಹೆಡ್‌ಸೆಟ್ ತೆಗೆದ ಮೇಲೆ ದಿನಾ ಒಂದು ರೊಟ್ಟಿ. ಹತ್ತು ಬಡಿತಕ್ಕೊಮ್ಮೆ ನಿಲ್ಲಿಸಿ, ಅಂಗೈ ಅರಳಿಸಿ, "ದೊಡ್ಡದ" ಎಂದು ಅವರೇ ಹೇಳಿಕೊಂಡು ಮತ್ತೆ ಶುರು. ಆರು ವಾರಕ್ಕೆ ಅಂಚು ತೆಳುವಾಯಿತು. ಮೊದಲಿನ ವೇಗ ಬರಲಿಲ್ಲ, ಬರುತ್ತದೆಂದು ನಾನು ಹೇಳಿಯೂ ಇರಲಿಲ್ಲ.

9. ಎರಡು ವಾರಕ್ಕೊಮ್ಮೆ ಮತ್ತೆ ಅಳೆಯಿರಿ

ಅದೇ ಬೀಜ, ಅದೇ ಅಂಗಿ, ಗುಳಿಗೆ ಆದ ಮೇಲೆ ಅಷ್ಟೇ ಹೊತ್ತಿಗೆ. ಒಂದು ಸಲ ಆನ್‌ನಲ್ಲಿ, ಇನ್ನೊಂದು ಸಲ ಆಫ್‌ನಲ್ಲಿ ಅಳೆದರೆ ಹೋಲಿಕೆಗೆ ಅರ್ಥವಿಲ್ಲ. ಆರು ವಾರದಲ್ಲಿ ಬೀಜದ ಲೆಕ್ಕ, ಗುಂಡಿಯ ಲೆಕ್ಕ ಎರಡೂ ಕದಲದಿದ್ದರೆ ವಿಆರ್ ಬಿಟ್ಟು ಬೇರೆ ದಾರಿ ನೋಡಿ.

ನಿರೀಕ್ಷೆಯೂ ಅಳತೆಯಲ್ಲಿರಲಿ. 2016ರಲ್ಲಿ ಬಂದ ಕೋಕ್ರೇನ್ ವಿಮರ್ಶೆಯಲ್ಲಿ (ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ವರದಿ) ಪಾರ್ಕಿನ್ಸನ್‌ಗೆ ವಿಆರ್ ಬಳಸಿದ 8 ಪ್ರಯೋಗಗಳು, 263 ಜನ ಇದ್ದರು. ಅದು ಹೆಚ್ಚಾಗಿ ನಡಿಗೆ ಮತ್ತು ಸಮತೋಲನದ ಮಾತು. ಫಿಸಿಯೋಥೆರಪಿಗೆ ಹೋಲಿಸಿದರೆ ಹೆಜ್ಜೆಯ ಉದ್ದದಲ್ಲಿ ಸ್ವಲ್ಪ, ಅಲ್ಪಾವಧಿಯ ಲಾಭ ಕಂಡಿತು. ಕೈಯ ಬಗ್ಗೆ ಪುರಾವೆ ಅದಕ್ಕಿಂತ ಕಡಿಮೆ. ಹಾಗಾಗಿ ಇದಕ್ಕಾಗಿ ಫಿಸಿಯೋಥೆರಪಿ ಬಿಡಬೇಡಿ, ಸಾಲ ಮಾಡಿ ಹೆಡ್‌ಸೆಟ್ ಕೊಳ್ಳಬೇಡಿ. ತಲೆಗೆ ಒಗ್ಗದವರಿಗೆ ಗೋಡೆಯ ಮೇಲೆ ಬೇರೆ ಬೇರೆ ಎತ್ತರಕ್ಕೆ ಬಣ್ಣದ ಚೀಟಿ ಅಂಟಿಸಿ, ಕುರ್ಚಿಯನ್ನು ಗೋಡೆಗೆ ಎದುರಾಗಿ ಇಟ್ಟು, ಬಣ್ಣದ ಹೆಸರು ಹೇಳಿ ಮುಟ್ಟಿಸಿದರೂ ಅದೇ ತತ್ವ.

ಈ ಸೂಚನೆ ಕಂಡರೆ ನಿಲ್ಲಿಸಿ

ಹೆಡ್‌ಸೆಟ್ ತೆಗೆದ ಮೇಲೂ ಇಲ್ಲದ್ದು ಕಾಣುತ್ತಿದ್ದರೆ ಆ ದಿನವೇ ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ಭುಜದ ನೋವು ಮರುದಿನವೂ ಉಳಿದರೆ, ಮೈ ತಾನಾಗಿಯೇ ತಿರುಚುವ, ಕುಣಿಯುವ ಚಲನೆ ಹೆಚ್ಚಾದರೆ, ಒಮ್ಮೆಯಾದರೂ ಬಿದ್ದರೆ, ಮುಂದುವರಿಸುವ ಮುಂಚೆ ತೋರಿಸಿ. ಒಂದು ಬದಿಯ ಕೈ ಇದ್ದಕ್ಕಿದ್ದಂತೆ ಬಲ ಕಳೆದುಕೊಂಡರೆ, ಬಾಯಿ ಸೊಟ್ಟಗಾದರೆ, ಅದು ಪಾರ್ಕಿನ್ಸನ್ ಎಂದು ಕಾಯಬೇಡಿ. ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನೊಂದಿದೆ, ಮನೆಯವರು ಖುಷಿಪಡುವ ಸೂಚನೆ. ಅಪ್ಪ ಹೆಡ್‌ಸೆಟ್ ಬಿಡುವುದೇ ಇಲ್ಲ, ರಾತ್ರಿ ಎದ್ದು ಆಡುತ್ತಾರೆ, ತೆಗೆದರೆ ಸಿಟ್ಟಾಗುತ್ತಾರೆ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಇಂಥ ಗುಳಿಗೆ ತೆಗೆದುಕೊಳ್ಳುವ ಕೆಲವರಲ್ಲಿ ಆಟ, ಜೂಜು, ಖರೀದಿಯನ್ನು ತಡೆದುಕೊಳ್ಳಲಾಗದ ಗೀಳು ಬರುತ್ತದೆ. ಅದು ಅವರ ತಪ್ಪಲ್ಲ, ಔಷಧದ ಅಡ್ಡ ಪರಿಣಾಮ. ಬೈಯಬೇಡಿ, ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ, ಹೋಗುವಾಗ ಗುಳಿಗೆಯ ಹೊತ್ತು ಬರೆದ ಆ ನೋಟ್‌ಬುಕ್ ಜೊತೆಗೆ ಒಯ್ಯಿರಿ.